ನಾಲಿಗೆ ಎತ್ತಿ ತೋರಿಸ್ರಿ

ನಮ್ಮೂರಲ್ಲಿ ಯಾರ ಬಾಯಲ್ಲಿ ಎಷ್ಟು ಹಲ್ಲು ಉಳಿದಿವೆ ಎಂದು ನನ್ನನ್ನು ಕೇಳಿ, ಹೇಳುತ್ತೇನೆ. ಕುಷ್ಟಗಿಯಿಂದ ಟಂಟಂ ಆಟೋದಲ್ಲಿ ಅರ್ಧ ತಾಸಿನ ದಾರಿಯ ಈ ಊರಿಗೆ ನಾನು ಆಶಾ ಕಾರ್ಯಕರ್ತೆ. ಕ್ಷಯದವರ ಮನೆಗೆ ಹೋಗಿ ಗುಳಿಗೆಯನ್ನು ನನ್ನ ಕಣ್ಣೆದುರಿಗೇ ನುಂಗಿಸಿ ಬರುವುದು ನನ್ನ ಕೆಲಸಗಳಲ್ಲಿ ಒಂದು. ಕೆಲವರು ಬಲು ಚಾಲಾಕಿಗಳು. ಗುಳಿಗೆಯನ್ನು ದವಡೆಯಲ್ಲಿ ಒತ್ತಿ ಇಟ್ಟುಕೊಂಡು, ನೀರನ್ನಷ್ಟೇ ಗುಟುಕರಿಸಿ, ನಾನು ಬೆನ್ನು ತಿರುಗಿಸಿದ ಕೂಡಲೇ ಥೂ ಎಂದು ಉಗುಳಿಬಿಡುತ್ತಾರೆ. ಅದಕ್ಕೇ ನಾನೊಂದು ಪಾಠ ಮಾಡಿಕೊಂಡಿದ್ದೆ. "ಬಾಯಿ ತಗೀರಿ. ಆ ಅನ್ರಿ. ನಾಲಿಗಿ ಎತ್ತಿ ತೋರಿಸ್ರಿ." ಊರಿನ ದೊಡ್ಡ ದೊಡ್ಡ ಮೀಸೆಯವರೆಲ್ಲ ನನ್ನ ಮುಂದೆ ನಾಲಿಗೆ ಎತ್ತಿದವರೇ. ಅದೇ ಮಾತನ್ನು ಒಂದು ದಿನ ನನ್ನ ಗಂಡನಿಗೂ ಹೇಳಬೇಕಾಗುತ್ತದೆ ಎಂದು ನಾನು ಎಣಿಸಿರಲಿಲ್ಲ.

ಅವರು ಗೌಂಡಿ. ಗೋಡೆ ಕಟ್ಟುವುದರಲ್ಲಿ ಸುತ್ತ ನಾಲ್ಕೂರಿಗೆ ಹೆಸರಾದ ಕೈ. ಆದರೆ ಕೊನೆಕೊನೆಗೆ ಆ ಕೈ ಬೆಳಗಿನ ಚಹಾದ ಲೋಟವನ್ನೂ ಹಿಡಿಯಲಾರದೆ ಗದಗದ ನಡುಗುತ್ತಿತ್ತು. ಒಂದು ಕ್ವಾಟರ್ ಒಳಗೆ ಹೋದ ಮೇಲೆಯೇ ಕರಣಿ ಹಿಡಿಯಲು ಬರುತ್ತಿದ್ದದ್ದು. ಕುಡಿದದ್ದಕ್ಕಿಂತ ನನ್ನ ಹೊಟ್ಟೆ ಉರಿಸಿದ್ದು ಸುಳ್ಳು. ಬಾಯಿ ಗಮ್ಮೆನ್ನುತ್ತಿರುವಾಗಲೇ "ನಮ್ಮವ್ವನಾಣಿ, ಮುಟ್ಟಿಲ್ಲ" ಅನ್ನುತ್ತಿದ್ದರು. ಅವ್ವನ ಆಣೆ ಸಾಲದಾದಾಗ ಮಗಳ ಆಣೆ. ಮಗಳು ಆಗ ಏಳನೇ ಇಯತ್ತೆ. ತನ್ನ ಮೇಲೆ ಆಣೆ ಇಡುವುದನ್ನು ಕೇಳಿಸಿಕೊಂಡೂ ತಲೆ ಎತ್ತದೆ ಹೋಂವರ್ಕ್ ಬರೆಯುವುದನ್ನು ಆ ಮಗು ಕಲಿತುಬಿಟ್ಟಿತ್ತು.

ಊರಿಗೆಲ್ಲ ಬುದ್ಧಿ ಹೇಳುವ ನಾನು ನನ್ನ ಮನೆಯಲ್ಲಿ ಏನು ಮಾಡಿದೆ ಎನ್ನುತ್ತೀರಾ? ನಾಚಿಕೆಗೇಡು, ಆದರೂ ಹೇಳುತ್ತೇನೆ. ಗಂಗಾವತಿಗೆ ಮದುವೆಗೆ ಹೋದಾಗ ಗೋಡೆಯೊಂದರ ಮೇಲೆ ಬರೆದಿದ್ದನ್ನು ಕಂಡೆ. ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸುತ್ತೇವೆ ಎಂದಿತ್ತು. ಆ ಪುಡಿಯ ಪೊಟ್ಟಣವನ್ನು ತಂದು ಬೇಳೆ ಸಾರಿನಲ್ಲಿ ಕಲಸಿ ಬಡಿಸಿದೆ. ಮೂರು ದಿನ ಅವರಿಗೆ ಹೊಟ್ಟೆ ಕೆಟ್ಟಿತು, ನಾಲ್ಕನೆಯ ದಿನ ಹೊಟ್ಟೆನೋವಿಗೆ ಇದೇ ಮದ್ದು ಎಂದು ಇನ್ನೂ ಎರಡು ಹೆಚ್ಚೇ ಕುಡಿದು ಬಂದರು. ಆ ಪುಡಿಯಲ್ಲಿ ಏನಿತ್ತೋ ದೇವರಿಗೇ ಗೊತ್ತು.

ಕೊನೆಗೆ ಅವರೇ ಒಂದು ದಿನ ಬಾಗಿಲಲ್ಲಿ ಕೂತು ಬಾಯಿ ಬಿಟ್ಟರು. ಹಿಂದಿನ ದಿನ ಕಟ್ಟಿದ ಗೋಡೆ ಸೊಟ್ಟಗಾಗಿದೆ ಎಂದು ಮಾಲೀಕ ಕೆಡವಿಸಿದ್ದನಂತೆ. "ನನ್ನ ಕೈ ಹೋತು" ಎಂದು ಅತ್ತರು. ಅತ್ತದ್ದು ಕುಡಿದದ್ದಕ್ಕಲ್ಲ, ಗೋಡೆಗೆ. ಅದಾದರೂ ಆಗಲಿ ಎಂದು ಅದೇ ವಾರ ಅವರನ್ನು ಕೊಪ್ಪಳದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಮೊದಲ ಕೆಲವು ದಿನ ನೋಡಬಾರದಾಗಿತ್ತು. ಮೈಯೆಲ್ಲ ಬೆವರು, ನಡುಕ. ಗೋಡೆಯ ಮೇಲೆ ಕೆಂಪಿರುವೆ ಹರಿಯುತ್ತಿವೆ ಎಂದು ಕೈಯಿಂದ ಒರೆಸುತ್ತಿದ್ದರು. ಸೂಜಿ, ಗುಳಿಗೆ, ಸಲೈನು ಎಲ್ಲ ಕೊಟ್ಟು ಅಲ್ಲಿಯವರು ಅದನ್ನು ದಾಟಿಸಿದರು. ಮನೆಗೆ ಕಳಿಸುವ ಹೊತ್ತಿಗೆ ಡಾಕ್ಟರಮ್ಮ ನಮ್ಮಿಬ್ಬರನ್ನೂ, ನನ್ನ ಅತ್ತೆಯನ್ನೂ ಕೂಡಿಸಿಕೊಂಡು ಹೊಸ ಗುಳಿಗೆಯೊಂದರ ವಿಷಯ ಹೇಳಿದರು. ಅದರ ಹೆಸರು ಡೈಸಲ್ಫಿರಾಮ್.

"ಇದು ಕುಡೀಬೇಕನ್ನೋ ಆಸಿ ಕಡಿಮಿ ಮಾಡಂಗಿಲ್ರಿ" ಎಂದರು. "ಕಾವಲು ಅಷ್ಟ ಮಾಡ್ತೈತಿ. ಇದನ್ನ ನುಂಗಿದ ಮ್ಯಾಲ ಒಂದ್ ಗುಟುಕು ಸೆರೆ ಹೊಟ್ಟಿಗೆ ಬಿದ್ರೂ ಮುಖ ಕೆಂಪಾಗಿ, ತಲಿ ಸಿಡದು, ಎದಿ ಡವಡವ ಹೊಡಕೊಂಡು ವಾಂತಿ ಆಗ್ತೈತಿ. ಹೆಚ್ಚಾದ್ರ ಜೀವಕ್ಕ ಅಪಾಯ. ಗುಳಗಿ ಬಿಟ್ರೂ ಕೆಲವು ದಿನ ಅದರ ಜೋರು ಮೈಯಾಗ ಇರ್ತೈತಿ. ಅದಕ್ಕ ನೀವು ತಿಳಕೊಂಡು ಒಪ್ಪಿದ್ರಷ್ಟ ಕೊಡ್ತೀನಿ. ಯಾರೂ ಇದನ್ನ ಕದ್ದು ಊಟದಾಗ ಹಾಕಬಾರ್ದು."

ಕೊನೆಯ ಮಾತಿಗೆ ನಾನು ತಲೆ ತಗ್ಗಿಸಿದೆ. ನನ್ನ ಗಂಡ ಒಪ್ಪಿ ಸಹಿ ಮಾಡಿದರು. ಕೈ ಆಗಲೂ ಸ್ವಲ್ಪ ನಡುಗುತ್ತಿತ್ತು. ಬೆಳಿಗ್ಗೆ ಬೆಳಿಗ್ಗೆ ಮನೆಯವರೊಬ್ಬರು ಎದುರಿಗೆ ನಿಂತು ನುಂಗಿಸಿದರೆ ಒಳ್ಳೆಯದು ಎಂದ ಡಾಕ್ಟರಮ್ಮ, ಕೆಮ್ಮಿನ ಔಷಧ, ಗಡ್ಡಕ್ಕೆ ಹಚ್ಚುವ ಲೋಷನ್, ವಿನೆಗರ್ ಎಂದು ದೂರ ಇಡಬೇಕಾದ್ದನ್ನೆಲ್ಲ ಹೇಳತೊಡಗಿದರು. "ಮನ್ಯಾಗಿರೋ ಎಲ್ಲಾ ಬಾಟ್ಲಿ ಒಂದ್ಸಲ ಓದಿ ನೋಡ್ರಿ" ಎಂದಾಗ ನಾನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ನಾ ಆಶಾ ಅದೀನ್ರಿ ಮೇಡಂ. ನನಗ ಬಿಡ್ರಿ" ಎಂದೆ. ಎಂಥ ಠೀವಿ ನನ್ನದು!

ಮನೆಗೆ ಬಂದವಳೇ ಹುಡುಕಾಟ ಶುರು ಮಾಡಿದೆ. ಸಿಮೆಂಟಿನ ಖಾಲಿ ಚೀಲ ಝಾಡಿಸಿದೆ. ನೀರಿನ ಟಾಕಿಯ ಹಿಂದೆ, ಬೈಕಿನ ಡಬ್ಬಿಯಲ್ಲಿ, ಕಟ್ಟಿಗೆಯ ಒಟ್ಟಿಲಿನ ಸಂದಿಯಲ್ಲಿ ಕೈ ಹಾಕಿದೆ. ಅಡಗಿಸಿಟ್ಟ ಎರಡು ಕ್ವಾಟರ್ ಸಿಕ್ಕವು, ಬಚ್ಚಲಿಗೆ ಸುರಿದೆ. ಗಂಡಸರು ಬಾಟಲಿ ಎಲ್ಲೆಲ್ಲಿ ಇಡುತ್ತಾರೋ ಅಲ್ಲೆಲ್ಲ ನೋಡಿದೆ. ಅಡುಗೆಮನೆಯ ಗೂಡನ್ನು ನೋಡಬೇಕು ಎಂದು ನನಗೆ ಆಗಲೂ ಹೊಳೆಯಲಿಲ್ಲ, ಆಮೇಲೂ ಹೊಳೆಯಲಿಲ್ಲ.

ಮರುದಿನದಿಂದ ಪಡಸಾಲೆಯಲ್ಲಿ ನಮ್ಮ ಪರೀಕ್ಷೆ ನಡೆಯತೊಡಗಿತು. ರೊಟ್ಟಿ ತಿಂದು ಅವರು ಕಂಬಕ್ಕೆ ಒರಗಿ ನಿಲ್ಲುವುದು, ನಾನು ಅಂಗೈಗೆ ಗುಳಿಗೆ ಹಾಕುವುದು, ನೀರು ಕುಡಿಸಿ "ಆ ಅನ್ರಿ" ಎನ್ನುವುದು. ಮೊದಲ ದಿನ ನಕ್ಕರು. "ನನಗೂ ಟಿಬಿ ಬಂತೇನು?" ಎಂದರು. ಆಮೇಲಾಮೇಲೆ ನಗು ನಿಂತಿತು. ಮಗಳೆದುರು ಬಾಯಿ ತೆರೆದು ನಿಲ್ಲುವಾಗ ಅವರ ಕಿವಿ ಕೆಂಪಾಗುತ್ತಿದ್ದುದನ್ನು ನಾನು ಕಂಡಿದ್ದೇನೆ. ಕಂಡೂ ಬಿಡಲಿಲ್ಲ. ಹದಿನಾಲ್ಕು ವರ್ಷದ ಸುಳ್ಳು ನನ್ನನ್ನು ಅಷ್ಟು ಕಲ್ಲಾಗಿಸಿತ್ತು. "ಇನ್ನೊಮ್ಮೆ ಕುಡಿದ್ರ ಮಗಳನ್ನ ಕರಕೊಂಡು ತವರಿಗೆ ಹೋಗ್ತೀನಿ. ಮತ್ತ ಬರಂಗಿಲ್ಲ" ಎಂದು ಮೊದಲ ದಿನವೇ ಹೇಳಿದ್ದೆ. ಈ ಸಲ ಅದು ಬರೀ ಮಾತಲ್ಲ ಎಂದು ಅವರಿಗೂ ಗೊತ್ತಿತ್ತು.

ಗುಳಿಗೆಯೇನೂ ಹೂವಿನಂಥದ್ದಲ್ಲ. ನಿದ್ದೆ ನಿದ್ದೆ ಅನ್ನುತ್ತಿದ್ದರು, ಬಾಯಲ್ಲಿ ತಾಮ್ರ ನೆಕ್ಕಿದ ರುಚಿ ಅನ್ನುತ್ತಿದ್ದರು. ಆದರೆ ಎರಡನೆಯ ತಿಂಗಳಿಗೆ ಕೈ ನಡುಗದೆ ನಿಂತಿತು. ಒಂದು ಸಂಜೆ ನಮ್ಮ ಬಚ್ಚಲ ಗೋಡೆಗೆ ಓಳಂಬ ಇಳಿಬಿಟ್ಟು, "ಏ, ಇಲ್ಲಿ ಬಾ. ನೋಡಿಲ್ಲೆ" ಎಂದು ನನ್ನನ್ನು ಕರೆದರು. ದಾರದ ತುದಿಯ ಗುಂಡು ಅಲುಗಾಡದೆ ನಿಂತಿತ್ತು. ಅವರು ಗೋಡೆಯನ್ನು ತೋರಿಸಿದರು, ನಾನು ದಾರ ಹಿಡಿದ ಬೆರಳನ್ನು ನೋಡಿದೆ. ನನಗೆ ಅವತ್ತು ಎಷ್ಟು ಸಂತೋಷವಾಯಿತೆಂದರೆ ಒಳಗೆ ಹೋಗಿ ಸುಮ್ಮನೆ ಪಾತ್ರೆ ತಿಕ್ಕಿದೆ.

ಮೂರನೆಯ ತಿಂಗಳಿಗೆ ನನ್ನ ನಾದಿನಿ, ಅಂದರೆ ಅವರ ತಂಗಿ, ಹೆರಿಗೆಗೆ ಬಂದಳು. ಹೆಣ್ಣು ಕೂಸು. ಮನೆಯಲ್ಲಿ ಬಾಣಂತನ ಎಂದರೆ ಅತ್ತೆಗೆ ಹಬ್ಬ. ಹೊರಸಿನ ಕೆಳಗೆ ಕೆಂಡ, ಅಳ್ವಿಯ ಪಾಯಸ, ಅಂಟಿನುಂಡಿ, ಮನೆ ತುಂಬ ಲೋಬಾನದ ಹೊಗೆ. ಕುಷ್ಟಗಿಗೆ ಹೋಗಿ ಅತ್ತೆಯೇ ಏನೇನೋ ಕಟ್ಟಿಸಿಕೊಂಡು ಬಂದು ಅಡುಗೆಮನೆಯ ಗೂಡು ತುಂಬಿಸಿದರು. ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ನಮ್ಮ ಕಡೆ ಗೌಂಡಿಗಳು ಕೆಲಸಕ್ಕೆ ಹೋಗುವುದಿಲ್ಲ. ಹಿಂದೆಲ್ಲ ಅವರು ಬೆಳಗಿನಿಂದಲೇ ಕುಡಿಯುತ್ತಿದ್ದ ದಿನ ಅದು. ನಾನು ಬೆಳಿಗ್ಗೆ ಗುಳಿಗೆ ನುಂಗಿಸಿ, ನಾಲಿಗೆ ನೋಡಿ, ಮನೆ ಭೇಟಿಗೆ ಹೊರಟೆ.

ಮೂರು ಗಂಟೆಗೆ ವಾಪಸು ಬಂದರೆ ಅವರು ಪಡಸಾಲೆಯಲ್ಲಿ ಬಿದ್ದಿದ್ದರು. ಮುಖ, ಕುತ್ತಿಗೆ, ಎದೆ ಕೆಂಪು ಕೆಂಪು. ಕಣ್ಣಿಗೆ ರಕ್ತ ಇಳಿದಿತ್ತು. ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದರು. ಪಕ್ಕದಲ್ಲಿ ವಾಂತಿ. ಡಾಕ್ಟರಮ್ಮ ಹೇಳಿದ್ದು ಒಂದೊಂದಾಗಿ ನನ್ನ ಕಣ್ಣ ಮುಂದೆ ಇತ್ತು.

"ಕುಡಿದೀರಿ" ಎಂದೆ.

"ಇಲ್ಲ."

"ಬಾಯಿ ತಗೀರಿ."

ತೆರೆದರು. ಹುಳಿಹುಳಿ, ಬೆಲ್ಲ ಕೊಳೆತ ವಾಸನೆ ಗಪ್ಪನೆ ಹೊಡೆಯಿತು. ಸಾಕಾಯಿತು ನನಗೆ.

"ನಮ್ಮವ್ವನಾಣಿ, ಕುಡಿದಿಲ್ಲ" ಎಂದು ತೊದಲಿದರು.

"ನಿಮ್ಮವ್ವನ ಆಣಿ ಎಷ್ಟ ಸಲ ಇಟ್ಟಿ? ಆಕಿ ಇನ್ನ ಬದುಕ್ಯಾಳಂದ್ರ ಅದು ಆಕಿ ಪುಣ್ಯ!" ಎಂದು ಕಿರುಚಿದೆ. ಗಂಡನಿಗೆ ನೀನು ಎಂದದ್ದು ಅದೇ ಮೊದಲು. ಹೊರಸಿನ ಮೇಲಿನ ನಾದಿನಿ ಕೂಸನ್ನು ಅವುಚಿಕೊಂಡಳು. ಅತ್ತೆ ಹಿತ್ತಿಲಿನಿಂದ ಓಡಿಬಂದು ಮಗನನ್ನು ನೋಡಿ ಗೋಡೆಗೆ ಒರಗಿದರು. ಗುಳಿಗೆಯ ಹಾಳೆಯನ್ನು ತೆಗೆದು ಒಲೆಗೆ ಎಸೆದೆ. "ಇನ್ನ ಇದು ಯಾರಿಗೆ ಬೇಕು" ಎಂದೆ.

ಸಿಟ್ಟು ಎಷ್ಟಿದ್ದರೂ ಅಪಾಯ ಎಷ್ಟೆಂದು ಗೊತ್ತಿದ್ದವಳಲ್ಲವೇ, ಟಂಟಂ ಕರೆಸಿ ಕುಷ್ಟಗಿಯ ದವಾಖಾನೆಗೆ ಒಯ್ದೆ. ದಾರಿಯುದ್ದಕ್ಕೂ ಬೈದೆ. ಅಲ್ಲಿ ಬಿಪಿ ತೀರಾ ಇಳಿದಿತ್ತು. ಸಲೈನು ಹಚ್ಚುತ್ತಾ ಡಾಕ್ಟರು ಏನು ತಗೊಂಡಿದ್ದರು ಎಂದು ಕೇಳಿದರೆ, ಅವರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. "ಕುಡಿದಾರ್ರಿ. ಗುಳಗಿ ಮ್ಯಾಲ ಕುಡಿದಾರ." ಆಶಾ ಹೇಳಿದಳೆಂದರೆ ಮುಗಿಯಿತು, ಮತ್ತೆ ಯಾರೂ ಅವರನ್ನು ಕೇಳಲಿಲ್ಲ. ಅವರು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದರು.

ಸಂಜೆಯ ಹೊತ್ತಿಗೆ ಬಿಪಿ ಏರಿತು. ನಾಳೆಯವರೆಗೆ ಇರಲಿ ಎಂದರು. ಜೊತೆಗೆ ಬಂದಿದ್ದ ನೆರೆಮನೆಯವರನ್ನು ಅವರ ಹತ್ತಿರ ಕೂಡಿಸಿ, ತಿರುಗಿದ್ದ ಆ ಬೆನ್ನಿಗೆ ಹೇಳಿದೆ. "ನಾ ಮಂಗಳೂರಿಗೆ ಹೊಂಟೆ." ನನ್ನ ತವರು ಯಲಬುರ್ಗಾ ಕಡೆಯ ಮಂಗಳೂರು, ಕಡಲಿನ ಮಂಗಳೂರಲ್ಲ. ಬೆನ್ನು ಅಲುಗಲಿಲ್ಲ. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿ ಬಂದುಬಿಟ್ಟೆ.

ಮನೆಗೆ ಬಂದು ಚೀಲ ಇಳಿಸಿದೆ. ಮಗಳು ತನ್ನ ಸಾಲೆಯ ಬ್ಯಾಗ್ ತಂದು ಎದುರಿಗೆ ಇಟ್ಟು, "ಈ ಸಲ ಎಲ್ಲಾ ಪುಸ್ತಕ ತುಂಬಲ್ಯಾ, ಅರ್ಧಾ ತುಂಬಲ್ಯಾ?" ಎಂದಳು. ಹಿಂದೆ ಎರಡು ಸಲ ಹೋಗಿ ವಾರದಲ್ಲಿ ತಿರುಗಿ ಬಂದಿದ್ದೆವು. ಅದಕ್ಕೆ ಕೇಳಿದ್ದು. "ಎಲ್ಲಾ" ಎಂದೆ.

ಅತ್ತೆ ಕೆಂಡದ ಮುಂದೆ ಕೂತು ಅಳುತ್ತಿದ್ದರು. ತಮ್ಮಷ್ಟಕ್ಕೆ ತಾವೇ ಆಡಿಕೊಳ್ಳುತ್ತಿದ್ದರು. "ಮುಖ ಇಳದೈತಿ, ಗುಳಗಿ ನುಂಗಿ ನುಂಗಿ ಸೊರಗ್ಯಾನಂತ ಶಕ್ತಿ ಔಷಧಾನೂ ಕುಡಿಸಿದೆ. ಅದೂ ನಿಲ್ಲಲಿಲ್ಲ ಹೊಟ್ಟ್ಯಾಗ. ಎಲ್ಲಾ ವಾಂತಿ ಆಗಿ ಹೋತು."

ನನ್ನ ಕೈಯಲ್ಲಿ ಮಡಚುತ್ತಿದ್ದ ಸೀರೆ ಹಾಗೇ ನಿಂತಿತು. "ಯಾವ ಶಕ್ತಿ ಔಷಧರೀ ಅತ್ತಿ?"

"ಅದ ಯವ್ವಾ, ಬಾಣಂತಿದು. ಹಡದಾಕಿಗೆ ಅಷ್ಟ ಶಕ್ತಿ ಕೊಡೋದು ನನ್ನ ಮಗಗ ಕೊಡದಿಲ್ಲೇನು? ಊಟಕ್ಕಿಂತ ಮೊದ್ಲ ಅರ್ಧ ವಾಟಗ ಕೊಟ್ಟೆ. ಹೆಂಗಸರ ಔಷಧ ನನಗ್ಯಾಕಬೇ ಅಂತ ನಕ್ಕ. ನಾ ಕೊಟ್ಟೆನಂತ ಕುಡದ."

ಅಡುಗೆಮನೆಗೆ ಹೋಗಿ ಗೂಡಿಗೆ ಕೈ ಹಾಕಿದೆ. ದಶಮೂಲಾರಿಷ್ಟದ ಕಂದು ಬಾಟಲಿ. ನನ್ನ ಬಾಣಂತನದಲ್ಲಿ ಇದೇ ಅತ್ತೆ ನನಗೂ ಚಮಚದಲ್ಲಿ ಅಳೆದು ಕೊಟ್ಟದ್ದು, ಊರಿನ ಎಷ್ಟೋ ಬಾಣಂತಿಯರ ತಲೆದಿಂಬಿನ ಪಕ್ಕ ನಾನು ಕಂಡದ್ದು. ಔಷಧವೆಂದೂ ಅನ್ನಿಸಿರಲಿಲ್ಲ, ಅಳ್ವಿಯ ಹಾಗೆ, ಲೋಬಾನದ ಹಾಗೆ ಅದೂ ಒಂದು. ಬಲ್ಬಿನ ಕೆಳಗೆ ಹಿಡಿದು ಚೀಟಿಯ ಸಣ್ಣ ಅಕ್ಷರಗಳನ್ನು ಮೊದಲ ಸಲ ಓದಿದೆ. ಹುದುಗಿ ತನ್ನಷ್ಟಕ್ಕೇ ಹುಟ್ಟಿದ ಮದ್ಯಸಾರ ಇದರಲ್ಲಿದೆ ಎಂದು ಬರೆದೇ ಇತ್ತು. ಬಿರಡೆ ತೆಗೆದು ಮೂಸಿದೆ. ಮಧ್ಯಾಹ್ನ ಅವರ ಬಾಯಿಂದ ಬಂದದ್ದು ಇದೇ ವಾಸನೆ.

ಹದಿನಾಲ್ಕು ವರ್ಷದಲ್ಲಿ ಒಂದೇ ಒಂದು ದಿನ ಅವರು ಖರೆ ಹೇಳಿದ್ದರು. ಅವತ್ತೇ ನಾನು ನಂಬಲಿಲ್ಲ.

ಹಿಂದೆಯೇ ಬಂದ ಅತ್ತೆಗೆ ಮೆಲ್ಲಗೆ ಹೇಳಿದೆ. ಅವರಿಗೆ ತಿಳಿಯಲು ಹೊತ್ತು ಹಿಡಿಯಿತು. "ಅಂದ್ರ... ನನ್ನ ಮಗಗ ನಾನ ಸೆರೆ ಕುಡಿಸಿದೆನೇನವ್ವಾ?" ಎಂದು ಹಣೆ ಹಣೆ ಬಡಿದುಕೊಂಡರು. ಬೈಯಲು ನನಗೆ ಬಾಯಿ ಬರಲಿಲ್ಲ. ಎಲ್ಲಾ ಬಾಟಲಿ ಓದಿ ಎಂದು ಡಾಕ್ಟರಮ್ಮ ಹೇಳಿದ್ದು ಅಕ್ಷರ ಬಾರದ ಅತ್ತೆಗಲ್ಲ, ನನಗೆ. ಅವರ ಕೈ ಹಿಡಿದು, "ನಿಮ್ಮ ತಪ್ಪಲ್ರಿ, ನಂದು" ಎಂದೆ. ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆವು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಗಳು ಹೋಗಿ ಪುಸ್ತಕಗಳನ್ನು ಬ್ಯಾಗಿನಿಂದ ಹೊರಗೆ ತೆಗೆದಳು.

ಮರುದಿನ ಮೊದಲ ಬಸ್ಸಿಗೆ ಹೋದೆ. ಅವರು ಮಂಚದ ಅಂಚಿಗೆ ಕೂತಿದ್ದರು. ನನ್ನನ್ನು ಕಂಡು ಬೆಚ್ಚಿದರು, ಬರುತ್ತೇನೆಂದು ಎಣಿಸಿರಲಿಲ್ಲ. ಬಾಟಲಿಯನ್ನು ಕೈಗೆ ಕೊಟ್ಟು ಎಲ್ಲ ಹೇಳಿದೆ. ಅವರು ಚೀಟಿಯನ್ನು ಬೆರಳಿಟ್ಟು ನಿಧಾನವಾಗಿ ಓದಿದರು. ಎರಡು ಸಲ ಓದಿದರು. ನನಗೆ ತಡೆಯಲಾಗಲಿಲ್ಲ.

"ಬೈರಿ" ಎಂದೆ. "ಹೊಡೀತೀರೇನು, ಹೊಡೀರಿ. ಸುಮ್ಮನ ಕೂಡಬ್ಯಾಡ್ರಿ."

"ಬೈಯೋದೇನೈತಿ" ಎಂದರು. "ಕುಡಿದಿಲ್ಲಂತ ನನಗ ಗೊತ್ತಿತ್ತು. ಆದ್ರ ನೀ ಅಷ್ಟ್ ಖಡಾಖಡಿ ಹೇಳಿದ ಮ್ಯಾಲ ನನಗೂ ಖಾತ್ರಿ ಉಳೀಲಿಲ್ಲ. ಯಾವಾಗರ ಕುಡದು ಮರತೇನೇನು ಅಂತ ಲೆಕ್ಕಾ ಹಾಕ್ಕೋಂತ ಮಲಗಿದ್ದೆ." ಬಾಟಲಿ ತಿರುಗಿ ನನ್ನ ಕೈಗೆ ಕೊಟ್ಟು ಕೇಳಿದರು. "ಅವ್ವ ಉಂಡಳೇನು? ಆಕಿಗೇನೂ ಅನಬ್ಯಾಡ."

ಆಸ್ಪತ್ರೆಯ ವಾರ್ಡು, ಸುತ್ತ ಜನ, ನಾನು ಎದೆ ಬಡಿದುಕೊಂಡು ಅಳುವ ಹಾಗೂ ಇರಲಿಲ್ಲ. ಹೊರಗೆ ನಳದ ಹತ್ತಿರ ಹೋಗಿ ಮುಖ ತೊಳೆದುಕೊಂಡು ಬಂದೆ.

ಕೊಪ್ಪಳಕ್ಕೆ ಫೋನ್ ಮಾಡಿದಾಗ ಡಾಕ್ಟರಮ್ಮ ಸದ್ಯಕ್ಕೆ ಗುಳಿಗೆ ಬೇಡ, ಒಂದು ವಾರ ಬಿಟ್ಟು ಬನ್ನಿ ಎಂದರು. ಆ ವಾರ ನಾನು ಗಂಡನನ್ನು ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಲಿಲ್ಲ. ಬಾಯಿ ಮೂಸಲಿಲ್ಲ. ಒಳಗೆ ಮಾತ್ರ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಅತ್ತೆಯ ಅವತಾರ ಬೇರೆ. ಮನೆಯಲ್ಲಿದ್ದ ಬಾಟಲಿಗಳನ್ನೆಲ್ಲ ಒಂದೊಂದಾಗಿ ತಂದು ನನ್ನ ಮೂಗಿನ ಕೆಳಗೆ ಹಿಡಿಯತೊಡಗಿದರು. ಕೊಬ್ಬರಿ ಎಣ್ಣೆ, ಫಿನಾಯಿಲು, ಕೂಸಿನ ಹೊಟ್ಟೆನೋವಿನ ನೀರು, ಕೊನೆಗೆ ಮಗಳ ಪೆನ್ನಿನ ಶಾಯಿ. "ಇದರಾಗ ಐತೇನು ಓದವ್ವಾ." ಶಾಯಿ ಯಾರು ಕುಡೀತಾರ್ರಿ ಎಂದರೆ, "ನಿನಗ ಏನ್ ಗೊತ್ತು, ಓದು" ಎಂದು ಗದರುತ್ತಿದ್ದರು. ನಾನೂ ಬಾಯಿ ಮುಚ್ಚಿಕೊಂಡು ಓದಿದೆ.

ಕೊಪ್ಪಳದಲ್ಲಿ ಡಾಕ್ಟರಮ್ಮ ರಕ್ತ ತಪಾಸಣೆ ಮಾಡಿಸಿ, ಎದೆಗೆ ಪಟ್ಟಿ ಹಚ್ಚಿ ಇಸಿಜಿ ತೆಗೆದು ನೋಡಿ, ಎರಡು ದಾರಿ ಹೇಳಿದರು. ಆಸೆಯನ್ನೇ ತಗ್ಗಿಸುವ ಬೇರೆ ಗುಳಿಗೆಗಳೂ ಇವೆ, ಅವಕ್ಕೆ ಇಷ್ಟು ಅಂಜಿಕೆ ಇಲ್ಲ. ಇಲ್ಲವೆ ಮೊದಲಿನದನ್ನೇ ಎಚ್ಚರದಿಂದ ಮುಂದುವರಿಸಬಹುದು. ಯೋಚನೆ ಮಾಡಿ, ಅವಸರವಿಲ್ಲ ಎಂದರು. ನನ್ನ ಗಂಡ ತಮ್ಮ ಎರಡೂ ಕೈ ನೋಡಿಕೊಂಡರು. "ಮೊದಲಿನದ ಇರಲಿ ಬಿಡ್ರಿ. ಅದರಾಗ ನನ್ನ ಕೈ ನಿಂತೈತಿ" ಎಂದರು.

"ಮನಿಯವ್ರು ಕೊಡಬೇಕೋ, ನೀವ ತಗೋತೀರೋ?"

"ಅವರ ತಗೋತಾರ್ರಿ" ಎಂದು ನಾನೇ ಮುಂದಾಗಿ ಹೇಳಿದೆ. "ಇನ್ನ ನಾ ಬಾಯಿ ನೋಡಂಗಿಲ್ಲ." ಅದು ನಾನು ಅವರಿಗೆ ಕೊಡುವ ಮರ್ಯಾದೆ ಎಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ನಾನು ಬೇಕೆಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದೆ. ಪಡಸಾಲೆಯಲ್ಲಿ ಗುಳಿಗೆಯ ಹಾಳೆ ಚರಕ್ಕೆಂದದ್ದು, ತಂಬಿಗೆ ಎತ್ತಿದ್ದು ಕೇಳಿಸಿತು. ತಿರುಗಿ ನೋಡಲಿಲ್ಲ. ಹೆಜ್ಜೆ ಸಪ್ಪಳ ಅಡುಗೆಮನೆಗೆ ಬಂತು. ಅವರು ನನ್ನೆದುರು ಕುಕ್ಕರಗಾಲಲ್ಲಿ ಕೂತು ಬಾಯಿ ತೆರೆದರು.

"ಬ್ಯಾಡ್ರಿ" ಎಂದೆ. "ನನಗ ನಂಬಿಕಿ ಐತಿ."

"ನಿನಗ ಬಂದೈತಿ, ಛಲೋ ಆತು" ಎಂದರು. "ನನ್ನ ಮ್ಯಾಲ ನನಗಿನ್ನೂ ಬಂದಿಲ್ಲ. ನೋಡು."

ಹಿಟ್ಟಿನ ಕೈಯಲ್ಲೇ ಅವರ ಗದ್ದ ಹಿಡಿದು ಬೆಳಕಿನ ಕಡೆ ತಿರುಗಿಸಿದೆ. ಕಣ್ಣು ಮಂಜಾಗಿ ಏನೂ ಕಾಣಿಸುತ್ತಿರಲಿಲ್ಲ, ಒರೆಸಿಕೊಂಡು ನೋಡಿದೆ. ದವಡೆ ನೋಡಿದೆ. ನಾನು ಹೇಳುವ ಮೊದಲೇ ಅವರು ನಾಲಿಗೆ ಎತ್ತಿದರು.

"ಹೋಗೈತ್ರಿ ಒಳಗ" ಎಂದೆ.

ಗದ್ದಕ್ಕೆ ಹತ್ತಿದ ಜೋಳದ ಹಿಟ್ಟನ್ನು ಒರೆಸಿಕೊಳ್ಳದೆಯೇ ಅವರು ಕರಣಿ, ಓಳಂಬ ತೆಗೆದುಕೊಂಡು ಕೆಲಸಕ್ಕೆ ಹೋದರು.